ನಾಲ್ಕೂವರೆ ವರ್ಷದವಳಿಗೆ ಚಿಟ್ಟೆ, ಪತಂಗ ಬೆಳೆಯುವುದನ್ನು ಹೇಗೆ ತೋರಿಸಲಿ?

ಇಬ್ಬರ ಅಮ್ಮ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಗಳಿಗೆ ನಾಲ್ಕೂವರೆ ವರ್ಷ, ಮಗನಿಗೆ ಏಳು. ಮಕ್ಕಳ ಕೋಣೆಯ ಗೋಡೆಯ ಮೇಲೆ ಚಿಟ್ಟೆಯ ಜೀವನಚಕ್ರದ ಚಾರ್ಟ್ ಇದೆ. ನಾಲ್ಕು ಚಿತ್ರ, ನಡುವೆ ಬಾಣದ ಗುರುತು. "ಮೊಟ್ಟೆ, ಹುಳು, ಕೋಶ, ಚಿಟ್ಟೆ" ಅಂತ ಮಗಳು ಒಂದೇ ಉಸಿರಿಗೆ ಹೇಳುತ್ತಾಳೆ. ಬಣ್ಣ ತುಂಬಿಯೂ ಆಗಿದೆ.

ಆದರೆ ಮೊನ್ನೆ ಕುಂಡದ ಕರಿಬೇವಿನ ಗಿಡದಲ್ಲಿ ನಿಜವಾದ ಹುಳು ಕಂಡಾಗ "ಛೀ ಹುಳ, ತೆಗೆದು ಬಿಸಾಕು" ಅಂದಳು. ಇದೇ ಕಣೇ ಚಿಟ್ಟೆ ಆಗೋದು ಅಂದರೆ ನಂಬಲಿಲ್ಲ. ಚಾರ್ಟಿನ ಹುಳು ನಗುತ್ತದೆ, ಇದು ನಗುವುದಿಲ್ಲ, ಆದ್ದರಿಂದ ಇದು ಬೇರೆ ಅನ್ನುವುದು ಅವಳ ವಾದ. ಮಗನ ಪ್ರಶ್ನೆ ಇನ್ನೂ ಕಷ್ಟದ್ದು: "ಕೋಶದೊಳಗೆ ಹುಳು ಎಲ್ಲಿಗೆ ಹೋಗುತ್ತೆ? ಸತ್ತು ಹೋಗುತ್ತಾ?"

ಹುಳುವನ್ನು ಮನೆಯೊಳಗೆ ಸಾಕಿ ತೋರಿಸಬಹುದಾ? ಮಧ್ಯದಲ್ಲಿ ಸತ್ತು ಹೋದರೆ ಮಕ್ಕಳಿಗೆ ಏನು ಹೇಳೋದು? ಪತಂಗದ್ದೂ ಇದೇ ಕಥೆನಾ, ಬೇರೆನಾ? ಇಷ್ಟು ಚಿಕ್ಕ ಮಕ್ಕಳಿಗೆ ಎಷ್ಟು ಹೇಳಿದರೆ ಸಾಕು? ಮಾಡಿ ನೋಡಿದವರು ದಯವಿಟ್ಟು ಬರೆಯಿರಿ.

ಹಿತ್ತಿಲು

ಮೊದಲು ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಮೈತುಂಬ ರೋಮವಿರುವ ಕಂಬಳಿಹುಳು, ಮುಳ್ಳುಮುಳ್ಳಾಗಿ ಕಾಣುವ ಹಸಿರು ಹುಳು, ಇವನ್ನು ಮಕ್ಕಳು ಮುಟ್ಟಬಾರದು. ಕೆಲವು ಜಾತಿಯ ರೋಮ ಚರ್ಮಕ್ಕೆ ಚುಚ್ಚಿಕೊಂಡು ಉರಿ, ತುರಿಕೆ, ಬಾವು ಬರುತ್ತದೆ. ತಾಗಿದರೆ ಉಜ್ಜಬೇಡಿ. ಅಂಟುವ ಟೇಪನ್ನು ಆ ಜಾಗಕ್ಕೆ ಒತ್ತಿ ಎತ್ತಿದರೆ ರೋಮ ಅದಕ್ಕೆ ಅಂಟಿ ಬರುತ್ತದೆ. ಆಮೇಲೆ ಸೋಪು ಹಾಕಿ ತೊಳೆಯಿರಿ. ಕಣ್ಣಿಗೆ ತಾಗಿದರೆ, ಉಸಿರಾಟಕ್ಕೆ ತೊಂದರೆಯಾದರೆ ಕಾಯದೆ ಡಾಕ್ಟರ ಹತ್ತಿರ ಹೋಗಿ.

ಗಿಡದ ವಿಷಯದಲ್ಲೂ ನೋಡಿಕೊಳ್ಳಿ. ಎಕ್ಕದ ಗಿಡದಲ್ಲಿ ಚಂದದ ಹುಳುಗಳು ಸಿಗುತ್ತವೆ, ನಿಜ. ಆದರೆ ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಕಣಗಿಲೆ ಇಡೀ ಗಿಡವೇ ವಿಷ. ಅಲ್ಲಿ ದೊಡ್ಡವರು ತೋರಿಸಲಿ, ಮಕ್ಕಳು ಕೈ ಹಿಂದೆ ಕಟ್ಟಿಕೊಂಡು ನೋಡಲಿ. ಕರಿಬೇವು, ನಿಂಬೆ ಗಿಡಕ್ಕೆ ಬರುವ ನುಣುಪು ಹಸಿರು ಹುಳು ಏನೂ ಮಾಡುವುದಿಲ್ಲ.

ಎಲೆಮರೆ

ನಾನು ಮೂರರಿಂದ ಆರು ವರ್ಷದ ಮಕ್ಕಳ ಜೊತೆ ದಿನವಿಡೀ ಇರುವವಳು. ನಿಮ್ಮ ಮಗಳ ವಾದ ನನಗೆ ತುಂಬ ಇಷ್ಟವಾಯಿತು. ಅವಳು ಸರಿಯಾಗಿಯೇ ನೋಡಿದ್ದಾಳೆ. ಚಾರ್ಟಿನ ಹುಳುವಿಗೆ ನಗುವ ಬಾಯಿದೆ, ಎರಡು ದೊಡ್ಡ ಕಣ್ಣಿವೆ, ಸುತ್ತ ಬಿಳಿ ಖಾಲಿ ಜಾಗ. ಗಿಡವೇ ಇಲ್ಲ. ಅದು ಏನು ತಿನ್ನುತ್ತದೆ, ಎಲ್ಲಿ ಅಡಗುತ್ತದೆ, ಆ ಮೊಟ್ಟೆಯನ್ನು ಅಲ್ಲಿ ಇಟ್ಟವರು ಯಾರು, ಯಾವುದಕ್ಕೂ ಚಾರ್ಟಿನಲ್ಲಿ ಉತ್ತರವಿಲ್ಲ. ಹಾಗಾಗಿ ನನ್ನ ಸಲಹೆ ಒಂದೇ. ಎಲೆಯಿಂದ ಶುರು ಮಾಡಿ.

ನಿಮ್ಮ ಮನೆಯಲ್ಲಿ ಕರಿಬೇವಿನ ಗಿಡ ಇದೆ ಅಂದಿರಿ. ಅರ್ಧ ಕೆಲಸ ಆಗಿಹೋಗಿದೆ. ಆ ಗಿಡಕ್ಕೆ ನಿಂಬೆ ಚಿಟ್ಟೆ ಮತ್ತು ಅದರ ಬಳಗದ ಚಿಟ್ಟೆಗಳು ಬರುತ್ತವೆ. ಬಿಸಿಲಿರುವ ಹೊತ್ತಿನಲ್ಲಿ ಮಗಳನ್ನು ಕೂರಿಸಿಕೊಂಡು ಗಮನಿಸಿ. ಹೂವಿಲ್ಲದ ಗಿಡದ ಸುತ್ತ ಚಿಟ್ಟೆ ಯಾಕೆ ಸುಳಿದಾಡುತ್ತಿದೆ ಅಂತ ಅವಳೇ ಕೇಳಲಿ. ತಾಯಿ ಚಿಟ್ಟೆ ಎಲೆಯ ಮೇಲೆ ಕೂತು ಮುಂಗಾಲಿನಿಂದ ತಟ್ಟಿ ನೋಡುತ್ತದೆ. ಚಿಟ್ಟೆಗೆ ಕಾಲಿನಲ್ಲೇ ರುಚಿ ತಿಳಿಯುತ್ತದೆ. ಇದು ನನ್ನ ಮಕ್ಕಳು ತಿನ್ನುವ ಎಲೆ ಹೌದು ಅಂತ ಖಾತ್ರಿಯಾದರೆ ಹೊಟ್ಟೆ ಬಗ್ಗಿಸಿ ಒಂದು ಮೊಟ್ಟೆ ಅಂಟಿಸಿ ಹೋಗುತ್ತದೆ. ಬಹುಪಾಲು ಚಿಟ್ಟೆಗಳ ಹುಳುಗಳು ಕೆಲವೇ ಬಗೆಯ ಗಿಡಗಳನ್ನು ತಿನ್ನುತ್ತವೆ. ಬೇರೆ ಎಲೆ ಕೊಟ್ಟರೆ ಹಸಿದು ಸಾಯುತ್ತವೆಯೇ ಹೊರತು ತಿನ್ನುವುದಿಲ್ಲ. ನಾಲ್ಕು ವರ್ಷದ ಮಗುವಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಯಾಕಂದರೆ ಅವರಿಗೂ ಊಟದಲ್ಲಿ ಇದು ಬೇಕು, ಅದು ಬೇಡ ಅನ್ನುವುದು ಇದ್ದೇ ಇರುತ್ತದೆ.

ಮೊಟ್ಟೆ ಹುಡುಕುವುದು ಮಕ್ಕಳಿಗೆ ದೊಡ್ಡ ಆಟ. ಎಳೆಯ ಚಿಗುರಿನಲ್ಲಿ ಹುಡುಕಿ. ಗುಂಡಗೆ, ತಿಳಿ ಹಳದಿ, ಹೆಚ್ಚು ಕಡಿಮೆ ಒಂದು ಮಿಲಿಮೀಟರ್. ಮಕ್ಕಳ ಕಣ್ಣು ನಮಗಿಂತ ಚುರುಕು, ಅವರೇ ಮೊದಲು ಹಿಡಿಯುತ್ತಾರೆ. ಬೆಚ್ಚಗಿನ ದಿನಗಳಲ್ಲಿ ಮೂರರಿಂದ ಐದು ದಿನಕ್ಕೆ ಒಡೆಯುತ್ತದೆ. ಒಡೆಯುವ ಮುಂಚೆ ಮೊಟ್ಟೆಯ ಬಣ್ಣ ಕಪ್ಪಾಗುತ್ತದೆ. ಒಳಗಿನ ಹುಳುವಿನ ಬಣ್ಣ ಅದು. ಹೊರಬಂದ ಮರಿಹುಳುವಿನ ಮೊದಲ ಊಟ ಸಾಮಾನ್ಯವಾಗಿ ಮೊಟ್ಟೆಯ ಸಿಪ್ಪೆಯೇ.

ಎಳೆಯ ಹುಳು ಕಂದು ಬಣ್ಣ, ಮಧ್ಯೆ ಬಿಳಿ ಮಚ್ಚೆ. ಥೇಟ್ ಹಕ್ಕಿಯ ಹಿಕ್ಕೆ. ಹಕ್ಕಿಗೆ ಹಿಕ್ಕೆ ತಿನ್ನಲು ಇಷ್ಟವಿಲ್ಲ, ಹುಳು ಬದುಕಿಕೊಳ್ಳುತ್ತದೆ. "ಛೀ" ಅಂದ ಮಗಳಿಗೆ ಇದನ್ನೇ ಹೇಳಿ: ಹಕ್ಕಿಯೂ ಛೀ ಅನ್ನಲಿ ಅಂತಲೇ ಇದು ಹೀಗಿರುವುದು. ಅವಳ ಅಸಹ್ಯ ತಪ್ಪಲ್ಲ, ಹುಳುವಿಗೆ ಬೇಕಾಗಿದ್ದೇ ಅದು. ಇಷ್ಟು ಹೇಳಿದರೆ ಎಷ್ಟೋ ಮಕ್ಕಳು ಅಲ್ಲೇ ಬಗ್ಗಿ ನೋಡಲು ಶುರು ಮಾಡುತ್ತಾರೆ. ಆಮೇಲೆ ಹುಳು ದೊಡ್ಡದಾಗಿ ಎಲೆಹಸಿರು ಬಣ್ಣಕ್ಕೆ ತಿರುಗುತ್ತದೆ. ಆಗ ಕಡ್ಡಿಯಿಂದ ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು-ಕಿತ್ತಳೆ ಕೊಂಬು ಥಟ್ಟನೆ ಹೊರಗೆ ಬರುತ್ತದೆ, ಜೊತೆಗೆ ಘಾಟು ವಾಸನೆ. ಒಮ್ಮೆ ನೋಡಿದರೆ ಸಾಕು. ಪದೇ ಪದೇ ಕೆಣಕುವುದು ಬೇಡ, ಪಾಪ ಅದಕ್ಕೆ ಅದು ಪ್ರಾಣಭಯ.

ಈಗ ಮನೆಯೊಳಗೆ ತರುವ ಪ್ರಶ್ನೆ. ಹುಳು ಗಿಡದಲ್ಲೇ ಇರಲಿ ಅಂತ ನನ್ನ ಮೊದಲ ಆಸೆ. ಆದರೆ ಹಕ್ಕಿ, ಓತಿಕ್ಯಾತ, ಇರುವೆ, ಕಣಜ ಬಿಡುವುದಿಲ್ಲ. ಇಂದು ಇದ್ದ ಹುಳು ನಾಳೆ ಇರುವುದಿಲ್ಲ. ಚಿಕ್ಕ ಮಕ್ಕಳಿಗೆ ಒಂದು ಹುಳುವನ್ನಾದರೂ ಕೊನೆಯವರೆಗೆ ನೋಡುವ ಅವಕಾಶ ಸಿಗಬೇಕು. ಹಾಗಾಗಿ ಒಂದೋ ಎರಡೋ ಒಳಗೆ ತನ್ನಿ, ಜಾಸ್ತಿ ಬೇಡ. ಹುಳುವನ್ನು ಬೆರಳಿನಿಂದ ಕೀಳಬೇಡಿ, ಕೂತಿರುವ ಎಲೆಯ ಸಮೇತ ಕತ್ತರಿಸಿ ತನ್ನಿ. ಅಗಲ ಬಾಯಿಯ ಡಬ್ಬಕ್ಕೆ ತೆಳು ಬಟ್ಟೆ ಕಟ್ಟಿದರೆ ಗಾಳಿ ಆಡುತ್ತದೆ. ತಳಕ್ಕೆ ಕಾಗದ ಹಾಕಿ, ದಿನಾ ಬದಲಿಸಿ. ಔಷಧಿ ಹೊಡೆದ ಎಲೆ ಮಾತ್ರ ಎಂದೂ ಕೊಡಬೇಡಿ. ಡಬ್ಬದ ಮೇಲೆ ನೇರ ಬಿಸಿಲು ಬೀಳಬಾರದು. ಒಳಗೆ ಓರೆಯಾಗಿ ಒಂದು ಕಡ್ಡಿ ನಿಲ್ಲಿಸಿ, ಮುಂದೆ ಬೇಕಾಗುತ್ತದೆ.

ಹಿಕ್ಕೆ ಗುಡಿಸುವ ಕೆಲಸ ಮಗಳದ್ದೇ ಆಗಲಿ. ಇದು ಸಣ್ಣ ವಿಷಯವಲ್ಲ. ಮೊದಲ ದಿನ ಪುಡಿಯಷ್ಟು, ವಾರ ಕಳೆದ ಮೇಲೆ ಸಾಸಿವೆಗಿಂತ ದಪ್ಪ. ಎಷ್ಟು ತಿಂದಿತು, ಎಷ್ಟು ಬೆಳೆಯಿತು ಅನ್ನುವುದು ಕಾಗದದ ಮೇಲೆಯೇ ಕಾಣುತ್ತದೆ. ನಮ್ಮ ಮಕ್ಕಳು ಹುಳುವಿನ ಬಗ್ಗೆ ಮನೆಯಲ್ಲಿ ಹೋಗಿ ಹೇಳುವ ಮೊದಲ ಸುದ್ದಿ ಯಾವಾಗಲೂ ಹಿಕ್ಕೆಯದ್ದು.

ನಡುವೆ ಒಂದು ದಿನ ಹುಳು ತಿನ್ನದೆ ಸುಮ್ನೆ ಕೂತಿರುತ್ತದೆ. ಕಾಯಿಲೆ ಅಂದುಕೊಳ್ಳಬೇಡಿ, ಅಲುಗಾಡಿಸಲೂ ಬೇಡಿ. ಪೊರೆ ಕಳಚುವ ಹೊತ್ತು ಅದು. ಹುಳು ಬೆಳೆದ ಹಾಗೆ ಅದರ ಚರ್ಮ ಬೆಳೆಯುವುದಿಲ್ಲ, ಹಾಗಾಗಿ ಹಳೆಯದನ್ನು ಬಿಟ್ಟು ಹೊಸದರಲ್ಲಿ ಹೊರಬರುತ್ತದೆ. ಹೆಚ್ಚಿನ ಹುಳುಗಳು ನಾಲ್ಕು ಸಲ ಹೀಗೆ ಕಳಚಿ ಐದು ಹಂತದಲ್ಲಿ ಬೆಳೆಯುತ್ತವೆ. ಕಳಚಿದ ಪೊರೆಯನ್ನು ಎಷ್ಟೋ ಸಲ ತಾನೇ ತಿಂದುಬಿಡುತ್ತದೆ. ಆದರೆ ತಲೆಯ ಚಿಪ್ಪು ಗಟ್ಟಿ, ಅದು ಉಳಿಯುತ್ತದೆ. ಕಾಗದದ ಮೇಲೆ ಬಿದ್ದ ಆ ಪುಟ್ಟ ಚಿಪ್ಪನ್ನು ಭೂತಗನ್ನಡಿಯಲ್ಲಿ ತೋರಿಸಿ. ಬಿಳಿ ಕಾಗದಕ್ಕೆ ಅಂಟಿಸಿ ಇಟ್ಟರೆ ಸಣ್ಣದರಿಂದ ದೊಡ್ಡದಕ್ಕೆ ಸಾಲು ಬೆಳೆಯುತ್ತದೆ.

ಕೋಶ ಆಗುವ ಹೊತ್ತಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಪುಸ್ತಕ, ಚಾರ್ಟು ಎರಡೂ ಇಲ್ಲೇ ಎಡವುತ್ತವೆ. "ಹುಳು ಗೂಡು ಕಟ್ಟಿಕೊಂಡು ಒಳಗೆ ಮಲಗುತ್ತದೆ" ಅಂತ ಬರೆದಿರುತ್ತಾರೆ. ನಿಂಬೆ ಚಿಟ್ಟೆಯ ಹುಳು ಗೂಡು ಕಟ್ಟುವುದಿಲ್ಲ. ಮೊದಲು ಅದು ಹೊಟ್ಟೆ ಖಾಲಿ ಮಾಡಿಕೊಳ್ಳುತ್ತದೆ. ಅವತ್ತು ಹಿಕ್ಕೆ ಒದ್ದೆಯಾಗಿರುತ್ತದೆ. ಆಮೇಲೆ ಡಬ್ಬದ ತುಂಬ ಓಡಾಡುತ್ತದೆ. ಜಾಗ ಸಿಕ್ಕಿದ ಮೇಲೆ ಕಡ್ಡಿಯ ಮೇಲೆ ಒಂದು ಚಿಟಿಕೆಯಷ್ಟು ರೇಷ್ಮೆ ನೇಯ್ದು ಬಾಲವನ್ನು ಅದಕ್ಕೆ ಸಿಕ್ಕಿಸುತ್ತದೆ. ಬೆನ್ನ ಸುತ್ತ ಒಂದು ನೂಲು ಹಾಕಿಕೊಂಡು ಒರಗಿ ನಿಲ್ಲುತ್ತದೆ. ಸುಮಾರು ಒಂದು ದಿನ ಹಾಗೇ ಗೂನಾಗಿ ಇರುತ್ತದೆ. ಆಮೇಲೆ ತಲೆಯ ಹಿಂದೆ ಚರ್ಮ ಬಿರಿಯುತ್ತದೆ. ಮೈ ಹಿಂದಕ್ಕೂ ಮುಂದಕ್ಕೂ ಉಬ್ಬಿ ಇಳಿಯುತ್ತಾ, ಹಳೆ ಚರ್ಮ ಕಾಲುಚೀಲ ಕಳಚಿದ ಹಾಗೆ ಬಾಲದ ಕಡೆ ಸುಕ್ಕಾಗಿ ಸರಿಯುತ್ತದೆ. ಒಳಗಿಂದ ಬರುವುದು ಹುಳು ಅಲ್ಲ, ಕೋಶವೇ. ಮೊದಲಿಗೆ ಮೆತ್ತಗೆ, ಒದ್ದೆ. ಆಮೇಲೆ ಗಟ್ಟಿಯಾಗುತ್ತದೆ. ಅಂದರೆ ಕೋಶ ಹೊರಗಿಂದ ಹೊದ್ದುಕೊಂಡದ್ದಲ್ಲ, ಹುಳುವಿನ ಚರ್ಮದ ಕೆಳಗೇ ತಯಾರಾಗಿದ್ದದ್ದು. ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಮಕ್ಕಳ ಜೊತೆ ಅದನ್ನು ನೋಡುವ ಭಾಗ್ಯ ಸಿಕ್ಕರೆ ಅಂದಿನ ಉಳಿದ ಪಾಠವನ್ನೆಲ್ಲ ಬಿಟ್ಟುಬಿಡಬಹುದು.

ಇದನ್ನು ನಾವು ಆಟವಾಗಿ ಆಡುತ್ತೇವೆ. ಮಗುವಿಗೆ ಒಂದರ ಮೇಲೊಂದು ನಾಲ್ಕೈದು ದೊಗಲೆ ಅಂಗಿ ಹಾಕುವುದು. ಎಲೆ ತಿಂದ ಹಾಗೆ ನಟಿಸುತ್ತಾ ಒಂದೊಂದೇ ಬಿಚ್ಚುವುದು. ಎಲ್ಲಕ್ಕಿಂತ ಒಳಗೆ ಬೇರೆ ಬಣ್ಣದ ಅಂಗಿ, ಅದೇ ಕೋಶ. ಕಂಬಳಿ ಸುತ್ತಿಕೊಳ್ಳುವ ಆಟ ಗೂಡು ಕಟ್ಟುವ ಪತಂಗಕ್ಕೆ ಸರಿ, ಚಿಟ್ಟೆಗೆ ಸರಿಯಾಗುವುದಿಲ್ಲ.

ನಿಮ್ಮ ಮಗನಿಗೆ ಉತ್ತರ: ಹುಳು ಸಾಯುವುದಿಲ್ಲ, ಮಲಗುವುದೂ ಇಲ್ಲ. ರೆಕ್ಕೆ, ಉದ್ದ ಕಾಲು, ಹೊಸ ಕಣ್ಣು, ಇವುಗಳ ಮೊಳಕೆ ಹುಳುವಿನ ಮೈಯಲ್ಲಿ ಪುಟ್ಟ ಪುಟ್ಟ ಜೀವಕೋಶಗಳ ಗುಂಪಾಗಿ ಮೊದಲೇ ಇರುತ್ತದೆ. ಕೋಶದೊಳಗೆ ಹಳೆಯ ಮೈಯ ಬಹಳಷ್ಟು ಭಾಗ ಕರಗುತ್ತದೆ. ಆ ಸಾರ ಹೀರಿಕೊಂಡು ಮೊಳಕೆಗಳು ಬೆಳೆಯುತ್ತವೆ. ಎಲ್ಲವೂ ಕರಗುವುದಿಲ್ಲ. ಉಸಿರಾಟದ ನಳಿಗೆಗಳು, ನರಗಳ ಕೆಲವು ಭಾಗ ಉಳಿದು ಹೊಸ ರೂಪ ಪಡೆಯುತ್ತವೆ. ಏಳು ವರ್ಷದವನಿಗೆ ಇನ್ನೊಂದು ಸಂಗತಿಯೂ ಇಷ್ಟವಾಗಬಹುದು. ಅಮೆರಿಕದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ತಂಬಾಕು ಗಿಡದ ದೊಡ್ಡ ಹುಳುವಿಗೆ ಒಂದು ವಾಸನೆಯ ಜೊತೆ ಸಣ್ಣ ವಿದ್ಯುತ್ ಆಘಾತ ಕೊಟ್ಟು ಆ ವಾಸನೆಯಿಂದ ದೂರ ಹೋಗುವುದನ್ನು ಕಲಿಸಿದ್ದರು. ಕೊನೆಯ ಹಂತದಲ್ಲಿ ಕಲಿತ ಹುಳುಗಳು ಪತಂಗವಾದ ಮೇಲೂ ಆ ವಾಸನೆಯಿಂದ ದೂರವೇ ಹೋದವು. ಹುಳುವಾಗಿದ್ದಾಗ ಕಲಿತದ್ದು ರೆಕ್ಕೆ ಬಂದ ಮೇಲೂ ನೆನಪಿತ್ತು. ನಾಲ್ಕೂವರೆ ವರ್ಷದವಳಿಗೆ ಇಷ್ಟೆಲ್ಲ ಬೇಡ. "ಒಳಗೆ ಹೊಸ ಮೈ ಕಟ್ಟಿಕೊಳ್ಳುತ್ತಿದೆ" ಅಂದರೆ ಸಾಕು. ಕೋಶದ ಮೇಲೆ ರೆಕ್ಕೆಯ ಗೆರೆ ಈಗಲೇ ಕಾಣುತ್ತದೆ, ಬೆರಳು ತೋರಿಸಿ ಹೇಳಿ, ಮುಟ್ಟದೆ.

ಹೊರಬರುವ ಹಿಂದಿನ ದಿನ ಕೋಶದ ಮೂಲಕ ರೆಕ್ಕೆಯ ಕಪ್ಪು ಹಳದಿ ಬಣ್ಣ ಕಾಣತೊಡಗುತ್ತದೆ. ಸಾಮಾನ್ಯವಾಗಿ ಬೆಳಗಿನ ಹೊತ್ತು ಬರುತ್ತದೆ. ರೆಕ್ಕೆ ಪುಟ್ಟದು, ಮುದುಡಿಕೊಂಡಿರುತ್ತದೆ. ಕಡ್ಡಿ ಹತ್ತಿ ತೂಗಾಡುತ್ತಾ ಮೈಯೊಳಗಿನ ದ್ರವವನ್ನು ರೆಕ್ಕೆಯ ನರಗಳಿಗೆ ಒತ್ತುತ್ತದೆ, ರೆಕ್ಕೆ ಬಿಚ್ಚಿಕೊಳ್ಳುತ್ತದೆ. ಕಡ್ಡಿ ನಿಲ್ಲಿಸಲು ಹೇಳಿದ್ದು ಇದಕ್ಕೇ. ತೂಗಲು ಜಾಗವಿಲ್ಲದಿದ್ದರೆ ರೆಕ್ಕೆ ಸೊಟ್ಟಗೇ ಒಣಗಿ ನಿಂತುಬಿಡುತ್ತದೆ. ಪಾಪ ಕಷ್ಟಪಡುತ್ತಿದೆ ಅಂತ ಕೋಶ ಬಿಡಿಸಲು ಯಾರೂ ಹೋಗಬಾರದು. ಕೆಳಗೆ ಕಂದುಗೆಂಪು ಹನಿ ಬಿದ್ದರೆ ಮಕ್ಕಳು ರಕ್ತ ಅಂತ ಹೆದರುತ್ತಾರೆ. ಕೋಶದಲ್ಲಿದ್ದಾಗ ಸೇರಿಕೊಂಡಿದ್ದ ಕಸ ಅದು. ಇನ್ನೊಂದು ನೋಡಿ: ಅದರ ಸೊಂಡಿಲು ಆಗ ಎರಡು ಎಳೆಯಾಗಿರುತ್ತದೆ. ಸುರುಳಿ ಸುತ್ತಿ ಬಿಚ್ಚಿ ಎರಡನ್ನೂ ಜೋಡಿಸಿಕೊಳ್ಳುತ್ತದೆ. ಭೂತಗನ್ನಡಿ ಹತ್ತಿರದಲ್ಲೇ ಇರಲಿ.

ರೆಕ್ಕೆ ಒಣಗಲು ಒಂದೆರಡು ಗಂಟೆ ಬೇಕು. ಆಮೇಲೆ ಬಿಸಿಲಿರುವಾಗ ಅದೇ ಗಿಡದ ಹತ್ತಿರ ಡಬ್ಬ ತೆರೆದಿಡಿ. ಆಗ ಒಂದು ಮಾತು ತಪ್ಪದೆ ಹೇಳಿ. ಚಿಕ್ಕ ಚಿಟ್ಟೆ ಕಂಡರೆ ಮಕ್ಕಳು "ಮರಿ ಚಿಟ್ಟೆ" ಅನ್ನುತ್ತಾರೆ. ರೆಕ್ಕೆ ಬಂದ ಮೇಲೆ ಚಿಟ್ಟೆ ಬೆಳೆಯುವುದಿಲ್ಲ. ಚಿಕ್ಕ ಚಿಟ್ಟೆ ಅಂದರೆ ಚಿಕ್ಕ ಜಾತಿಯದ್ದು, ಇಲ್ಲವೇ ಹುಳುವಾಗಿದ್ದಾಗ ಕಡಿಮೆ ತಿಂದದ್ದು. ಮರಿ ಅಂದರೆ ಹುಳುವೇ.

ಇಬ್ಬರ ಅಮ್ಮ

ಎಲೆಮರೆ ಅವರೇ, ಇಷ್ಟು ಬಿಡಿಸಿ ಬರೆದಿದ್ದಕ್ಕೆ ತುಂಬ ಥ್ಯಾಂಕ್ಸ್. ಹಕ್ಕಿಯ ಹಿಕ್ಕೆಯ ವಿಷಯ ಹೇಳಿದೆ. ಮಗಳು ಈಗ ಆ ಹುಳುವಿನ ಹತ್ತಿರ ಹೋಗಿ "ನಿನ್ನನ್ನ ಯಾರೂ ತಿನ್ನಲ್ಲ ಬಿಡು" ಅಂತ ಸಮಾಧಾನ ಹೇಳಿ ಬಂದಳು. ಮಗ ಮಾತ್ರ ಮಣ್ಣಿನಿಂದ ಎರೆಹುಳು ತಂದು ಇದೂ ಚಿಟ್ಟೆ ಆಗುತ್ತಾ ಅಂತ ಕೇಳುತ್ತಿದ್ದಾನೆ. ಸತ್ತರೆ ಏನು ಹೇಳೋದು ಅನ್ನುವುದು ಇನ್ನೂ ಉಳಿದಿದೆ. ಪತಂಗದ್ದೂ ಯಾರಾದರೂ ಹೇಳಿ.

ಹಿಪ್ಪುನೇರಳೆ

ಪತಂಗದ್ದು ನಾನು ಹೇಳುತ್ತೇನೆ ಅಕ್ಕ. ನಾನು ರೇಷ್ಮೆಹುಳು ಸಾಕುವ ಮನೆಯಲ್ಲಿ ಬೆಳೆದವನು. ಚಿಕ್ಕ ಮಕ್ಕಳಿಗೆ ಗೂಡು ಕಟ್ಟುವುದನ್ನು ತೋರಿಸಲು ರೇಷ್ಮೆಹುಳುವಿಗಿಂತ ಒಳ್ಳೆಯದು ಇಲ್ಲ. ಕಚ್ಚುವುದಿಲ್ಲ, ಓಡುವುದಿಲ್ಲ, ಮುಚ್ಚಳವೂ ಬೇಕಿಲ್ಲ. ಹಿಪ್ಪುನೇರಳೆ ಸೊಪ್ಪು ಒಂದಿದ್ದರೆ ಆಯಿತು. ದೊಡ್ಡ ಹುಳುಗಳಿಗೆ ಸೊಪ್ಪು ಹಾಕಿ ಕಿವಿಗೊಟ್ಟರೆ ಮಳೆ ಹನಿದಂಥ ಸದ್ದು ಕೇಳಿಸುತ್ತದೆ. ಪೊರೆ ಕಳಚುವ ಮುಂಚೆ ತಲೆ ಎತ್ತಿ ಕದಲದೆ ಕೂರುವುದಕ್ಕೆ ನಮ್ಮಲ್ಲಿ ಜ್ವರಕ್ಕೆ ಕೂರುವುದು ಅನ್ನುತ್ತೇವೆ. ನಾಲ್ಕು ಜ್ವರ ದಾಟಿದ ಮೇಲೆ ಹಗಲು ರಾತ್ರಿ ತಿನ್ನುತ್ತದೆ. ಮೊಟ್ಟೆ ಒಡೆದು ಇಪ್ಪತ್ತೈದು ಮೂವತ್ತು ದಿನಕ್ಕೆ ಮೈ ಹೊಳಪಾಗಿ ಹಣ್ಣಾಗುತ್ತದೆ. ಆಗ ಗೂಡಿಗೆ ಬಿಡಬೇಕು.

ಹುಳು ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತಾ ನೂಲು ಬಿಡುತ್ತದೆ. ಮೊದಲ ದಿನ ಗೂಡು ತೆಳ್ಳಗಿದ್ದು, ಒಳಗೆ ಹುಳು ಕೆಲಸ ಮಾಡುವುದು ಕಾಣುತ್ತದೆ. ಆ ದಿನ ಮಕ್ಕಳನ್ನು ಕರೆದು ತೋರಿಸಿ. ಎರಡು ಮೂರು ದಿನಕ್ಕೆ ಮುಚ್ಚಿಹೋಗುತ್ತದೆ. ಒಂದೇ ಎಳೆ, ಸಾವಿರ ಮೀಟರಿನ ಆಸುಪಾಸು ಬರುತ್ತದೆ. ಗೂಡಿನ ಒಳಗೆ ಅದೂ ಕೊನೆಯ ಪೊರೆ ಕಳಚಿ ಕೋಶವಾಗುತ್ತದೆ. ಎಲೆಮರೆ ಮೇಡಂ ಹೇಳಿದ ಕೋಶವೇ, ಅದರ ಹೊರಗೆ ಗೂಡು ಜಾಸ್ತಿ ಅಷ್ಟೇ. ಸುಮಾರು ಎರಡು ವಾರದ ಮೇಲೆ ಪತಂಗ ಬಾಯಿಂದ ದ್ರವ ಬಿಟ್ಟು ಗೂಡಿನ ಒಂದು ತುದಿ ಮೆತ್ತಗೆ ಮಾಡಿ ಹೊರಗೆ ಬರುತ್ತದೆ. ಮೈ ಬಿಳಿ, ಮೀಸೆ ಹಕ್ಕಿಯ ಗರಿಯ ಹಾಗೆ. ಹಾರಲು ಆಗುವುದಿಲ್ಲ. ಏನೂ ತಿನ್ನುವುದಿಲ್ಲ. ಹುಳುವಾಗಿದ್ದಾಗ ತಿಂದದ್ದರಲ್ಲೇ ಉಳಿದ ದಿನ ಕಳೆಯುತ್ತದೆ. ಹೆಣ್ಣು ಪತಂಗದ ವಾಸನೆ ಸಿಕ್ಕರೆ ಗಂಡು ರೆಕ್ಕೆ ಪಟಪಟ ಬಡಿಯುತ್ತಾ ಸುತ್ತುತ್ತದೆ. ಹೆಣ್ಣು ನಾನೂರರ ಸುಮಾರು ಮೊಟ್ಟೆ ಇಡುತ್ತದೆ.

ನೂಲು ತೆಗೆಯಲು ಗೂಡನ್ನು ಬಿಸಿ ಮಾಡುತ್ತಾರೆ, ಒಳಗಿನ ಜೀವ ಹೋಗುತ್ತದೆ. ಮಕ್ಕಳು ಕೇಳಿದರೆ ಮುಚ್ಚಿಡಬೇಡಿ. ನಾನು ಕೇಳಿದಾಗ ನಮ್ಮ ಅಜ್ಜಿ ನೇರವಾಗಿ ಹೇಳಿದ್ದರು, ಅದಕ್ಕೆ ನಾನು ಇಂದಿಗೂ ಅವರಿಗೆ ಋಣಿ.

ಎಲ್ಲ ಪತಂಗವೂ ಹೀಗೆ ಗೂಡು ಕಟ್ಟುವುದಿಲ್ಲ. ನಂದಿಬಟ್ಟಲು ಗಿಡದಲ್ಲಿ ಬೆರಳು ಗಾತ್ರದ ಹಸಿರು ಹುಳು ಸಿಗುತ್ತದೆ, ತಲೆಯ ಹಿಂದೆ ಎರಡು ನೀಲಿ ಕಣ್ಣಿನ ಗುರುತು. ಬಾಲದಲ್ಲಿ ಕೊಂಬಿದೆ, ಚುಚ್ಚುವುದಿಲ್ಲ. ಕೋಶವಾಗುವ ಮುಂಚೆ ಬಣ್ಣ ಕಂದಾಗಿ ನೆಲಕ್ಕಿಳಿಯುತ್ತದೆ, ತರಗೆಲೆ ಮಣ್ಣಿನ ನಡುವೆ ಕೋಶವಾಗುತ್ತದೆ. ಅದಕ್ಕೆ ಡಬ್ಬದಲ್ಲಿ ಎರಡು ಮೂರು ಇಂಚು ಸಡಿಲ ಮಣ್ಣು, ಮೇಲೆ ಒಣ ಎಲೆ ಹಾಕಿ. ಗೋಡೆಯ ಮೇಲೆ ತೆವಳುವ ಬೂದು ಬಣ್ಣದ ಚಪ್ಪಟೆ ಚೀಲ ನೋಡಿದ್ದೀರಾ? ಎರಡೂ ತುದಿ ತೆರೆದಿರುತ್ತದೆ, ಹುಳು ಎರಡೂ ಕಡೆಯಿಂದ ತಲೆ ಹೊರಹಾಕುತ್ತದೆ. ಅದೂ ಪತಂಗದ ಮರಿಯೇ. ಜೇಡರ ಬಲೆ, ಕೂದಲು ತಿಂದು ಬದುಕುತ್ತದೆ. ಗುಡಿಸುವ ಮುಂಚೆ ಮಕ್ಕಳಿಗೆ ಒಮ್ಮೆ ತೋರಿಸಿ.

ಜಗತ್ತಿನಲ್ಲಿ ಚಿಟ್ಟೆ ಜಾತಿಗಳು ಸುಮಾರು 18,000, ಪತಂಗ ಸುಮಾರು 1,60,000. ಚಾರ್ಟಿನಲ್ಲಿ ಮಾತ್ರ ಎಲ್ಲೆಲ್ಲೂ ಚಿಟ್ಟೆಯೇ! ರಾತ್ರಿ ದೀಪದ ಮುಂದೆ ಬಿಳಿ ಬಟ್ಟೆ ಕಟ್ಟಿ ಮಕ್ಕಳನ್ನು ಕೂರಿಸಿ. ಯಾವುದರ ಮೀಸೆಯ ತುದಿ ಗುಂಡಗೆ, ಯಾವುದರದ್ದು ಗರಿ ಅಂತ ನೋಡಲಿ. ತುದಿ ಗುಂಡಗಿದ್ದರೆ ಹೆಚ್ಚಾಗಿ ಚಿಟ್ಟೆ. ಹಗಲು ಹಾರಿದರೆ ಚಿಟ್ಟೆ, ರಾತ್ರಿ ಹಾರಿದರೆ ಪತಂಗ ಅಂತ ಮಾತ್ರ ಕಲಿಸಬೇಡಿ. ಹಗಲು ಹಾರುವ ಪತಂಗಗಳೂ ಬೇಕಾದಷ್ಟಿವೆ.

ಎಲೆಮರೆ

ಎರೆಹುಳು ತಂದ ಹುಡುಗನಿಗೆ ಶಭಾಷ್. ಕಾಲು ಹುಡುಕಲು ಹೇಳಿ. ಚಿಟ್ಟೆ, ಪತಂಗದ ಹುಳುವಿಗೆ ತಲೆಯ ಹತ್ತಿರ ಮೂರು ಜೊತೆ ಚೂಪು ಕಾಲಿರುತ್ತದೆ. ಚಿಟ್ಟೆಯಾದಾಗ ಉಳಿಯುವ ಆರು ಕಾಲಿನ ಜಾಗ ಅದೇ. ಹಿಂದಿನ ದಪ್ಪ ಮೊಂಡು ಕಾಲುಗಳು ಕೊಂಬೆ ಹಿಡಿಯಲು ಮಾತ್ರ, ಅವು ಮುಂದೆ ಇರುವುದಿಲ್ಲ. ಎರೆಹುಳುವಿಗೆ ಕಾಲೇ ಇಲ್ಲ, ಅದು ಹುಟ್ಟಿದಾಗಲೂ ಎರೆಹುಳು, ಕೊನೆವರೆಗೂ ಎರೆಹುಳು. ಮಿಡತೆಯನ್ನೂ ತೋರಿಸಿ. ಅದರ ಮರಿ ರೆಕ್ಕೆಯಿಲ್ಲದ ಪುಟ್ಟ ಮಿಡತೆಯೇ, ಕೋಶದ ಹಂತವಿಲ್ಲ.

ಈಗ ಸಾವಿನ ವಿಷಯ. ಸಾಯುತ್ತವೆ. ಮಕ್ಕಳಿಗೆ ಮೊದಲೇ ಹೇಳಿಡಿ. ತಾಯಿ ಚಿಟ್ಟೆ ಅಷ್ಟೊಂದು ಮೊಟ್ಟೆ ಇಡುವುದೇ ಅದಕ್ಕೆ, ಎಲ್ಲವೂ ದೊಡ್ಡದಾಗುವುದಿಲ್ಲ. ಕೆಲವು ಹುಳು ಕಪ್ಪಾಗಿ ಜೋತುಬೀಳುತ್ತವೆ, ಅದು ರೋಗ. ಅದನ್ನು ತೆಗೆದು, ಡಬ್ಬವನ್ನು ಸೋಪಿನಿಂದ ತೊಳೆದು ಒಣಗಿಸಿ. ಇನ್ನು ಕೆಲವು ಸಲ ಕೋಶದಲ್ಲಿ ಸಣ್ಣ ತೂತು ಕಾಣಿಸಿ, ಚಿಟ್ಟೆಯ ಬದಲು ಪುಟ್ಟ ಕಣಜಗಳು ಹೊರಗೆ ಬರುತ್ತವೆ. ಒಂದು ಜಾತಿಯ ಕಣಜ ಹುಳುವಿನ ಮೇಲೋ ಕೋಶದ ಮೇಲೋ ಮೊಟ್ಟೆ ಇಟ್ಟಿರುತ್ತದೆ, ಅದರ ಮರಿಗಳು ಒಳಗೇ ತಿಂದು ಬೆಳೆಯುತ್ತವೆ. ದೊಡ್ಡವರಿಗೆ ಇದು ಕ್ರೂರವಾಗಿ ಕಾಣುತ್ತದೆ. ಮಕ್ಕಳು ಮೊದಲು ಬೇಜಾರಾಗುತ್ತಾರೆ, ಆಮೇಲೆ ಕಣಜವನ್ನು ನೋಡಲು ಶುರು ಮಾಡುತ್ತಾರೆ. ಅದಕ್ಕೂ ಮೊಟ್ಟೆ, ಮರಿ, ಕೋಶ ಎಲ್ಲ ಇದೆ ಅಂತ ಹೇಳಿ. ಕಣಜವನ್ನು ಸಾಯಿಸಿ ತೋರಿಸಬೇಡಿ ಅಂತ ನಾನು ಕೈಮುಗಿದು ಕೇಳುತ್ತೇನೆ. ಸತ್ತ ಹುಳುವನ್ನು ಸದ್ದಿಲ್ಲದೆ ತೆಗೆದು ಬೇರೆಯದನ್ನು ಇಟ್ಟುಬಿಡುವುದೂ ಬೇಡ. ಮಕ್ಕಳಿಗೆ ಗೊತ್ತಾಗುತ್ತದೆ. ಅವರ ಹುಳುವಿನ ಗುರುತು ಅವರಿಗಿರುತ್ತದೆ. ಗಿಡದ ಬುಡದಲ್ಲಿ ಹೂಳಲಿ, ಅಳು ಬಂದರೆ ಅಳಲಿ.

ಕೋಶದ ದಿನಗಳು ಚಿಕ್ಕವರಿಗೆ ಬೇಸರ. ಬೆಚ್ಚಗಿದ್ದರೆ ಹತ್ತು ದಿನ, ಎರಡು ವಾರ. ಚಳಿಯಲ್ಲಿ ಇನ್ನೂ ಜಾಸ್ತಿ, ಕೆಲವು ಜಾತಿ ತಿಂಗಳುಗಟ್ಟಲೆ ಕಾಯುತ್ತವೆ. ಆಗ ಅವರಿಂದ ಚಿತ್ರ ಬರೆಸಿ. ನಾಲ್ಕು ಚೌಕ, ನಾಲ್ಕು ಬಾಣ ಬೇಡ. ಒಂದೇ ದೊಡ್ಡ ಕರಿಬೇವಿನ ಗಿಡ ಬರೆಸಿ. ಅದರಲ್ಲೇ ಮೊಟ್ಟೆ, ತೂತು ಬಿದ್ದ ಎಲೆ, ಹಿಕ್ಕೆ, ಕಳಚಿದ ತಲೆಚಿಪ್ಪು, ಕೋಶ, ಮೇಲೆ ಸುಳಿಯುವ ತಾಯಿ, ಎಲ್ಲ ಬರಲಿ. ಮಾರಿಯಾ ಸಿಬಿಲ್ಲಾ ಮೇರಿಯನ್ ಹೀಗೇ ಬರೆಯುತ್ತಿದ್ದಳು. 1647ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದವಳು. 13ನೇ ವಯಸ್ಸಿಗೇ ರೇಷ್ಮೆಹುಳು ಸಾಕಿ ನೋಡತೊಡಗಿದಳು. ಹುಳುಗಳು ಕೆಸರಿನಿಂದ, ಕೊಳೆತದ್ದರಿಂದ ತಾವೇ ಹುಟ್ಟುತ್ತವೆ ಅಂತ ಎಷ್ಟೋ ಜನ ನಂಬಿದ್ದ ಕಾಲ ಅದು. ಅವಳು ಹುಳು, ಕೋಶ, ಚಿಟ್ಟೆಯನ್ನು ಅವು ತಿನ್ನುವ ಗಿಡದ ಜೊತೆಗೇ ಒಂದೇ ಹಾಳೆಯಲ್ಲಿ ಬರೆದಳು. 1699ರಲ್ಲಿ ಕಿರಿಯ ಮಗಳನ್ನು ಕರೆದುಕೊಂಡು ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋದಳು, ಹುಳುಗಳನ್ನು ನೋಡುವುದಕ್ಕೇ. ಈ ಕಥೆ ನಿಮ್ಮ ಇಬ್ಬರಿಗೂ ಹೇಳಿ.

ಇಬ್ಬರ ಅಮ್ಮ

ನಾಳೆಯೇ ಡಬ್ಬ ತಯಾರು ಮಾಡುತ್ತೇನೆ. ಒಂದೇ ಒಂದು ಅನುಮಾನ. ಕರಿಬೇವಿನ ಸೊಪ್ಪು ಬೇಗ ಬಾಡುತ್ತದೆ ಅಲ್ವಾ? ಒಳಗೆ ನೀರಿನ ಲೋಟ ಇಟ್ಟು ರೆಂಬೆ ನಿಲ್ಲಿಸಿದರೆ ಆಗುತ್ತಾ?

ಎಲೆಮರೆ

ತೆರೆದ ಲೋಟ ಬೇಡ. ಹುಳು ಕಾಂಡದ ಗುಂಟ ಇಳಿದು ನೀರಿಗೆ ಬಿದ್ದು ಸಾಯುತ್ತದೆ. ಚಿಕ್ಕ ಬಾಯಿಯ ಸೀಸೆಯಲ್ಲಿ ನೀರು ಹಾಕಿ ರೆಂಬೆ ನಿಲ್ಲಿಸಿ. ಸುತ್ತ ಉಳಿಯುವ ಸಂದಿಗೆ ಹತ್ತಿ ತುರುಕಿ. ಎಲೆ ಬದಲಿಸುವಾಗ ಹುಳುವನ್ನು ಎಳೆಯಬೇಡಿ. ಹೊಸ ರೆಂಬೆಯನ್ನು ಹಳೆಯದಕ್ಕೆ ತಾಗಿಸಿಟ್ಟರೆ ತಾನೇ ದಾಟಿಕೊಳ್ಳುತ್ತದೆ. ಪೊರೆ ಕಳಚಲು ಕೂತಿದ್ದರೆ ಅದು ಕೂತ ಎಲೆಯನ್ನು ಹಾಗೇ ಬಿಡಿ, ಪಕ್ಕದಲ್ಲಿ ಹೊಸದು ಇಡಿ.